ಗಾಯದ ಗುರುತು

ದುಃಖದ ವಿಷಯದಲ್ಲಿ ಬರೆಯಹೊರಡುವವನು ತನಗೆ ಆ ಅಧಿಕಾರವು ಹೇಗೆ ಬಂದಿತೆಂಬುದನ್ನು ಮೊದಲು ಹೇಳಬೇಕು. ನನ್ನ ಅಧಿಕಾರವು ಇಷ್ಟೇ: ಆರು ವರ್ಷಗಳ ಕೆಳಗೆ ನನ್ನ ಒಬ್ಬನೇ ಮಗನು, ಇಪ್ಪತ್ತರ ಹರೆಯದವನು, ಖಾನಾಪುರದ ದಾರಿಯಲ್ಲಿ ಮೋಟಾರು ಸೈಕಲ್ಲಿನ ಅಪಘಾತಕ್ಕೆ ಸಿಕ್ಕಿ ತೀರಿಕೊಂಡನು. ಹಿಂದಿನ ರಾತ್ರಿ ಹಣದ ಒಂದು ಕ್ಷುಲ್ಲಕ ಮಾತಿಗೆ ನಾನು ಅವನನ್ನು ಕಟುವಾಗಿ ಬಯ್ದಿದ್ದೆನು. ಬೆಳಗ್ಗೆ ಅವನು ಹೊಸ್ತಿಲಲ್ಲಿ ನಿಂತು ಹೋಗಿಬರುತ್ತೇನೆಂದಾಗ ನಾನು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಮರಣವು ಮಾಡಿದ ಗಾಯಕ್ಕಿಂತ ಈ ನನ್ನ ಮೌನವು ಮಾಡಿದ ಗಾಯವೇ ಆಳವಾಗಿ ಉಳಿಯಿತು.

ನಮ್ಮ ಮನೆಯು ಬೆಳಗಾವಿಯ ಉದ್ಯಮಬಾಗದ ಮಗ್ಗುಲಲ್ಲಿದೆ. ಎರಕದ ಕಾರ್ಖಾನೆಗಳೂ ಕಬ್ಬಿಣವನ್ನು ಕಡೆದು ಯಂತ್ರದ ಬಿಡಿಭಾಗಗಳನ್ನು ಮಾಡುವ ಸಣ್ಣ ದೊಡ್ಡ ಉದ್ಯಮಗಳೂ ಒಂದರ ಬದಿಗೊಂದು ನಿಂತಿರುವ ಪ್ರದೇಶವಿದು. ಅಂಥದೊಂದು ಎರಕಶಾಲೆಯಲ್ಲಿ ಲೆಕ್ಕಪತ್ರಗಳನ್ನು ಬರೆಯುವುದು ನನ್ನ ಉದ್ಯೋಗ. ಮಗನು ಹೋದ ಮೇಲೆಯೂ ಲೆಕ್ಕಗಳು ತಪ್ಪಲಿಲ್ಲ. ಕೂಡುವುದೂ ಕಳೆಯುವುದೂ ಕೈಗೆ ರೂಢಿಯಾಗಿದ್ದವು. ಆದರೆ ಸಂಜೆ ಮನೆಗೆ ಬಂದು ಅವನ ಕೋಣೆಯ ಮುಚ್ಚಿದ ಬಾಗಿಲನ್ನು ದಾಟಿ ಹೋಗುವ ಐದು ಹೆಜ್ಜೆಗಳು ಮಾತ್ರ ದಿನದ ದುಡಿತವೆಲ್ಲಕ್ಕಿಂತಲೂ ಭಾರವಾಗುತ್ತಿದ್ದವು.

ನಾವು ತಲೆಮಾರುಗಳಿಂದ ಕ್ರೈಸ್ತರು. ಲಂಡನ್ ಮಿಶನ್ನಿನವರು ಬೆಳಗಾವಿಗೆ ಬಂದು ನೆಲೆಸಿದ್ದು ೧೮೨೦ರಲ್ಲಿ. ಅಂದಿನಿಂದ ಈ ಊರಲ್ಲಿ ಕನ್ನಡದ ಪ್ರಾರ್ಥನೆಯೂ ಮರಾಠಿಯ ಪ್ರಾರ್ಥನೆಯೂ ನೆರೆಹೊರೆಯವರಂತೆ ಬಾಳಿಕೊಂಡು ಬಂದಿವೆ. ಪ್ರಾರ್ಥನೆಯ ಮಾತುಗಳು ನನಗೆ ಎಳವೆಯಿಂದಲೂ ಕಂಠಪಾಠವಾಗಿದ್ದವು. ಆದರೆ ಮಗನ ಶವಪೆಟ್ಟಿಗೆಯ ಬಳಿಯಲ್ಲಿ ನಿಂತಾಗ ಅವು ಬರಿದಾದ ಕೊಡಗಳಂತೆ ತೋರಿದವು. ಸಾಂತ್ವನಕ್ಕೆ ಬಂದವರು ಇದು ದೇವರ ಚಿತ್ತವೆಂದರು. ಸದುದ್ದೇಶದಿಂದಲೇ ಅಂದರು, ಆದರೂ ಆ ಮಾತು ನನ್ನನ್ನು ದೇವರಿಂದ ಇನ್ನಷ್ಟು ದೂರಕ್ಕೆ ತಳ್ಳಿತು. ಮುಂದೆ ಎರಡು ವರ್ಷ ನಾನು ದೇವಾಲಯದ ಕಡೆಯ ಪೀಠದಲ್ಲಿ ಕುಳಿತು, ಬಾಯಿಂದ ಹಾಡುತ್ತ, ಒಳಗೆ ಮೂಕನಾಗಿದ್ದೆನು.

ಆಗ ಸಭೆಯ ವೃದ್ಧೆಯೊಬ್ಬರು ಏನೊಂದೂ ಉಪದೇಶ ಮಾಡದೆ ಒಂದು ಸಣ್ಣ ಪುಸ್ತಕವನ್ನು ನನ್ನ ಕೈಯಲ್ಲಿಟ್ಟರು. ಅದು ಪಂಡಿತಾ ರಮಾಬಾಯಿಯು ೧೯೦೭ರಲ್ಲಿ ಪ್ರಕಟಿಸಿದ ತನ್ನ ಸಾಕ್ಷ್ಯವು. ಮಹಾರಾಷ್ಟ್ರದವರು ತಮ್ಮವಳೆಂದು ಎಣಿಸುವ ಆ ಮಹಿಳೆಯು ಹುಟ್ಟಿದ್ದು ನಮ್ಮ ಸಹ್ಯಾದ್ರಿಯಲ್ಲಿ, ತುಂಗಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ, ೧೮೫೮ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಗಸರಿಗೆ ಸಂಸ್ಕೃತವನ್ನು ಕಲಿಸಿದ ಸಾಹಸಿಗಳು. ೧೮೭೦ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ, ಮೂವರೂ ಒಬ್ಬರ ಹಿಂದೊಬ್ಬರು ಅಳಿದರು. ಉಳಿದ ಅಣ್ಣತಂಗಿಯರು ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತಾ’ ಎಂಬ ಬಿರುದನ್ನಿತ್ತರು. ೧೮೮೦ರಲ್ಲಿ ಅಣ್ಣನೂ, ೧೮೮೨ರಲ್ಲಿ ಕಾಲರಾ ರೋಗದಿಂದ ಪತಿಯೂ ತೀರಿದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದ ಆಕೆಗೆ ಉಳಿದದ್ದು ಮಗಳು ಮನೋರಮೆಯೊಬ್ಬಳೇ.

೧೮೮೩ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಆಕೆಯು ದೀಕ್ಷಾಸ್ನಾನವನ್ನು ಪಡೆದಳು. ದಾರಿತಪ್ಪಿದ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಹೇಸದೆ ಆರೈಕೆ ಮಾಡುವುದನ್ನು ಕಂಡು, ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸುವು ಮಾತನಾಡಿದ ಕಥೆಯನ್ನು ಕೇಳಿ, ಆಕೆಯ ಹೃದಯವು ಕರಗಿತ್ತು. ಇಲ್ಲಿಯವರೆಗಿನದು ನನಗೆ ಸ್ವಲ್ಪ ತಿಳಿದದ್ದೇ. ನನ್ನನ್ನು ತಡೆದು ನಿಲ್ಲಿಸಿದುದು ಮುಂದಿನ ಸಂಗತಿ. ದೀಕ್ಷೆಯನ್ನು ಪಡೆದ ಬಳಿಕವೂ ಸುಮಾರು ಎಂಟು ವರ್ಷ ತನಗೆ ಕ್ರೈಸ್ತಮತವು ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂಬುದನ್ನು ಆ ವಿದುಷಿಯು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾಳೆ. ಓದಿದಾಗ ನನ್ನ ಕಣ್ಣು ತುಂಬಿತು. ಕಡೆಯ ಪೀಠದಲ್ಲಿ ಕುಳಿತ ಮೂಕನು ನಾನೊಬ್ಬನೇ ಅಲ್ಲ! ಆ ಬರಿದಾದ ಎಂಟು ವರ್ಷಗಳಲ್ಲಿಯೂ ಆಕೆಯು ಸುಮ್ಮನೆ ಕುಳಿತಿರಲಿಲ್ಲ. ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಿದ್ದಳು. ನೆಮ್ಮದಿಯು ಬಂದ ಮೇಲೆ ಸೇವೆಯೆಂದು ಕಾದವಳಲ್ಲ. ಹಸಿವಿನಿಂದ ತನ್ನವರನ್ನು ಕಳೆದುಕೊಂಡವಳು, ೧೮೯೬-೯೭ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಹಸಿದ ನೂರಾರು ಹುಡುಗಿಯರನ್ನು ಕರೆತಂದಳು. ಪುಣೆಯ ಆಚೆಯ ಕೇಡಗಾಂವದ ‘ಮುಕ್ತಿ’ಯು ಅವರ ಮನೆಯಾಯಿತು. ೧೯೧೨ರಲ್ಲಿ ನಮ್ಮ ಕಲಬುರ್ಗಿಯಲ್ಲಿಯೂ ಆಕೆಯ ಶಾಲೆಯೊಂದು ತೆರೆಯಿತು. ಮನೋರಮೆಯೇ ಅದರ ಮುಖ್ಯಾಧ್ಯಾಪಿಕೆ.

ಇಷ್ಟು ಸೇವೆ ಮಾಡಿದವಳನ್ನು ದೇವರು ಇನ್ನೊಂದು ಪೆಟ್ಟಿನಿಂದ ತಪ್ಪಿಸಿದನೇ? ಇಲ್ಲ. ೧೯೨೧ರಲ್ಲಿ ಆ ಒಬ್ಬಳೇ ಮಗಳೂ ತೀರಿಕೊಂಡಳು. ಹೀಬ್ರೂ ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವ ಕೆಲಸವು ಆಗ ಕೈಯಲ್ಲಿತ್ತು. ತಾಯಿಯು ಲೇಖನಿಯನ್ನು ಕೆಳಗಿಡಲಿಲ್ಲ. ಅದನ್ನು ಮುಗಿಸಿ ೧೯೨೨ರ ಏಪ್ರಿಲಿನಲ್ಲಿ ಕಣ್ಮುಚ್ಚಿದಳು. ನಂಬಿಕೆಯು ಕವಚವಲ್ಲವೆಂಬುದನ್ನು ನಾನು ಕಲಿತದ್ದು ಇಲ್ಲಿ. ಅದು ಪೆಟ್ಟನ್ನು ತಡೆಯುವುದಿಲ್ಲ. ಪೆಟ್ಟು ತಿಂದ ಕೈಗೆ ಒಂದು ಕೆಲಸವನ್ನು ಕೊಡುತ್ತದೆ.

ನನ್ನ ಕೈಗೆ ಬಂದ ಕೆಲಸವು ಅಲ್ಪವಾದುದು. ಖಾನಾಪುರದ ಕಡೆಯ ಹಳ್ಳಿಗಳಿಂದ ಹುಡುಗರು ಕೆಲಸ ಕಲಿಯಲು ಉದ್ಯಮಬಾಗಕ್ಕೆ ಬರುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಅಂಥವನೊಬ್ಬನು ಅಳತೆಯ ದಶಾಂಶಗಳು ತಿಳಿಯದೆ ಬೈಗುಳು ತಿಂದು ಗೋಡೆಯ ಮರೆಯಲ್ಲಿ ಅಳುತ್ತಿದ್ದನು. ಬಯ್ದವನ ದನಿಯಲ್ಲಿ ನನಗೆ ನನ್ನದೇ ದನಿಯು ಕೇಳಿಸಿತು. ಆ ಸಂಜೆ ಅವನನ್ನು ಮನೆಗೆ ಕರೆತಂದು, ನನ್ನ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಆ ಕೋಣೆಯ ಬಾಗಿಲನ್ನು ತೆರೆದೆನು. ಅವಳು ಮಾತಾಡದೆ ಮೇಜಿನ ಧೂಳನ್ನು ಸೆರಗಿನಿಂದ ಒರಸಿದಳು. ಈಗ ವಾರಕ್ಕೆ ಮೂರು ಸಂಜೆ ನಾಲ್ಕೈದು ಹುಡುಗರು ಅಲ್ಲಿ ಲೆಕ್ಕ ಕಲಿಯುತ್ತಾರೆ. ಅವರ ಮತವನ್ನು ನಾನು ಕೇಳುವುದಿಲ್ಲ. ಹೊರಡುವಾಗ ಅವರು ಹೋಗಿಬರುತ್ತೇವೆನ್ನುತ್ತಾರೆ. ನಾನು ಎದ್ದು ಬಾಗಿಲವರೆಗೆ ಹೋಗಿ, ಒಬ್ಬೊಬ್ಬನ ಮುಖವನ್ನೂ ನೋಡಿ, ಹೋಗಿಬಾ ಎನ್ನುತ್ತೇನೆ.

ಮಗನಿಗೆ ಸಲ್ಲಬೇಕಾದ ಮಾತು ಅವನಿಗೆ ಸಂದಿತೆಂದು ನಾನು ಹೇಳಲಾರೆನು. ಆದರೆ ಸತ್ತು ಎದ್ದ ಕ್ರಿಸ್ತನು ಸಂದೇಹಪಟ್ಟ ತೋಮನಿಗೆ ತೋರಿಸಿದುದು ತನ್ನ ಪ್ರಭೆಯನ್ನಲ್ಲ, ಕೈಗಳಲ್ಲಿಯ ಮೊಳೆಯ ಗುರುತುಗಳನ್ನು. ಪುನರುತ್ಥಾನವೂ ಅವುಗಳನ್ನು ಅಳಿಸಿರಲಿಲ್ಲ. ಹೀಗಿರುವಾಗ ನನ್ನ ಗಾಯವೂ ಅಳಿಯಬೇಕೆಂದು ನಾನು ಈಗ ಬೇಡುವುದಿಲ್ಲ. ಅದರ ಗುರುತನ್ನು ನೋಡಿ ಇನ್ನೊಬ್ಬ ದುಃಖಿಯು ತಾನು ಒಂಟಿಯಲ್ಲವೆಂದು ತಿಳಿದರೆ ಸಾಕು. ಇದನ್ನು ಬರೆದುದೂ ಅದಕ್ಕಾಗಿಯೇ.