ಅವ್ವನ ಹೊಳೆ

ಅಲಾಸ್ಕಾದ ಗ್ಲೇಸಿಯರ್ ಬೇ ಕೊಲ್ಲಿಯಲ್ಲಿ ಹಿಮದ ಗೋಡೆಯಿಂದ ಮನೆಗಾತ್ರದ ತುಂಡೊಂದು ಕಳಚಿ ನೀರಿಗೆ ಬಿತ್ತು. ಗುಡುಗಿನಂಥ ಸದ್ದು ಆಮೇಲೆ ಬಂತು. ಹಡಗಿನ ತುಂಬ ಚಪ್ಪಾಳೆ. ಅವ್ವ ಮಾತ್ರ ಮಂಜುಗಡ್ಡೆ ಮೇಲೆ ಮಲಗಿದ್ದ ಸೀಲ್‌ಗಳನ್ನೇ ನೋಡ್ತಿದ್ದಳು. "ನಮ್ ಸಂಗಮದ ಬಂಡೆ ಮ್ಯಾಲೆ ಮೊಸಳೆ ಬಿಸ್ಲು ಕಾಯ್ಸೋ ಹಂಗೇ ಅಯ್ತೆ ಕಣ್ಲಾ" ಅಂದಳು.

ಹಡಗು ಹತ್ತಿದ್ದ ಪಾರ್ಕ್ ರೇಂಜರ್ ಮೈಕಿನಲ್ಲಿ ಹೇಳ್ತಿದ್ದರು: 1794ರಲ್ಲಿ ವ್ಯಾಂಕೂವರ್ ತಂಡ ಬಂದಾಗ ಈ ಕೊಲ್ಲಿ ಬಹುಪಾಲು ಹಿಮದಡಿ ಇತ್ತು, 1879ರಲ್ಲಿ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗು ಒಳಗೆ ಬಿಡ್ತಾರೆ. ಇದನ್ನ ಕನ್ನಡದಲ್ಲಿ ಹೇಳಿದ್ದಕ್ಕೆ ಅವ್ವ ಕೇಳಿದಳು: "ಇಷ್ಟ್ ಜ್ವಾಪಾನವಾಗಿ ಮಡಗವ್ರಲ್ಲ, ನಮ್ ಹೊಳೇನ ಯಾರ್ ನೋಡ್ಕತ್ತಾರೆ?"

ನಮ್ಮ ಹೊಳೆ ಅಂದ್ರೆ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ ಕಡೆಯ ಮಂಚನಬೆಲೆ ಅಣೆಕಟ್ಟು, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ದಾರಿಯಲ್ಲಿ ವೃಷಭಾವತಿ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ತಂದು ಸುರಿಯುತ್ತೆ. ಸಂಗಮದ ಸುತ್ತ ಕಾವೇರಿ ವನ್ಯಧಾಮ. ಮೊಸಳೆ, ನೀರುನಾಯಿ, ಮಹಶೀರ್ ಮೀನು ಬದುಕಬೇಕಾದ್ದು ಅದೇ ನೀರಲ್ಲಿ.

ಹಿಮ ಕರಗೋದನ್ನ ತಡೆಯೋದು ನಮ್ಮೊಬ್ಬರ ಕೈಲಿಲ್ಲ. ಆದರೆ ಕೆಂಗೇರಿ, ಮೈಸೂರು ರಸ್ತೆ ಕಡೆ ಇರೋರು ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನಿಜಕ್ಕೂ ಓಡ್ತಿದೆಯಾ ಅಂತ ಮುಂದಿನ ಮೀಟಿಂಗಲ್ಲಿ ಕೇಳಿ. ಅಲ್ಲಿ ಬಿಟ್ಟ ನೀರೇ ಅವ್ವನ ಹೊಳೆಗೆ ಬರೋದು.