ಪೇಚಿನ ಪ್ರಸಂಗ

ಕನ್ನಡದಲ್ಲಿ ‘ಪೇಚಾಟ’ ಎಂಬ ಮಾತೊಂದಿದೆ. ಪೇಚಿಗೆ ಸಿಕ್ಕಿದವನ ಪಾಡೇನೆಂಬುದನ್ನು ಸಂಸಾರಿಗಳಾದ ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಾರಸಿಯಿಂದ ಬಂದ ಈ ‘ಪೇಚು’ ಎಂಬುದಕ್ಕೆ ತಿರುವು, ಸುತ್ತು ಎಂದು ಅರ್ಥ. ತಿರುಗಿಸಿ ಕೂರಿಸುವ ಮೊಳೆಗೂ, ಎಂದರೆ ಸ್ಕ್ರೂವಿಗೂ, ನಮ್ಮ ಬೀದರಿನ ಉರ್ದುವಿನಲ್ಲಿ ಅದೇ ಹೆಸರು. ಇಪ್ಪತ್ತು ವರ್ಷ ಪದಗಳ ಬೇರು ಕೆದಕಿಯೇ ಸಂಬಳ ಎಣಿಸಿದ ನನಗೆ ಈ ಎರಡು ಅರ್ಥಗಳ ನಂಟು ಅನುಭವಕ್ಕೆ ಬಂದದ್ದು ಮಾತ್ರ ಈಚೆಗೆ, ನನ್ನ ಮಗ ಗಿಟಾರು ಮಾಡಲು ಹೊರಟಾಗ.

ಕೊಳ್ಳಲು ಅಲ್ಲ, ಮಾಡಲು! ಔರಾದಿನ ನಮ್ಮ ಹಳೆಯ ಮನೆಯನ್ನು ಕೆಡವಿದಾಗ ನಡುಮನೆಯ ಬಾಗಿಲ ಚೌಕಟ್ಟಿನ ಸಾಗುವಾನಿ ನಮ್ಮ ಪಾಲಿಗೆ ಬಂದಿತ್ತು. ಆ ಚೌಕಟ್ಟಿಗೆ ಒರಗಿ ನನ್ನ ತಂದೆ ಏಕತಾರಿ ಮೀಟುತ್ತ ತತ್ವಪದ ಹಾಡುತ್ತಿದ್ದರು. ಅದರಿಂದ ಪುಸ್ತಕದ ಕಪಾಟು ಮಾಡಿಸಬೇಕೆಂಬುದು ನನ್ನ ಆಸೆ. “ಕಪಾಟು ಪೇಟೆಯಲ್ಲಿ ಸಿಗ್ತದಪ್ಪ” ಎಂದ ಮಗ. ಅವನಿಗೆ ಬೆಂಗಳೂರಿನಲ್ಲಿ ಕೆಲಸವಾಗಿತ್ತು. ಎರಡು ತಿಂಗಳಲ್ಲಿ ಹೊರಡುವವನು. ಮನೆ ಬಿಟ್ಟು ಹೊರಟ ಮಕ್ಕಳಿಗೆ ಬೇಡವೆನ್ನುವ ಬಾಯಿ ಯಾವ ತಂದೆಗಿದೆ?

ಗಿಟಾರಿನ ಒಡಲು, ಕೊರಳು ಸಿದ್ಧವಾದವು. ಆದರೆ ಎರಡನ್ನೂ ಕೂಡಿಸುವುದು ಹೇಗೆ? ಏಕತಾರಿಗೆ ಈ ತಾಪತ್ರಯವಿಲ್ಲ. ಬಿದಿರ ಕೋಲು ಬುರುಡೆಯನ್ನು ತೂರಿಕೊಂಡೇ ಹೋಗುತ್ತದೆ. ಗಿಟಾರಿನ ಕೊರಳನ್ನು ಅಂಟು ಹಾಕಿ ಕೂರಿಸುವುದು ಹಳೆಯ ಪದ್ಧತಿ. 1950ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬಾತ ಅಂಟನ್ನು ಬಿಟ್ಟು, ನಾಲ್ಕು ಪೇಚುಗಳಿಂದ ಕೊರಳನ್ನು ಬಿಗಿದ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದ. ಕೊರಳು ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಇದಕ್ಕೆ ‘ಬೋಲ್ಟ್-ಆನ್’ ಎಂದು ಹೆಸರು. ಆದರೆ ಅಲ್ಲಿ ಬೋಲ್ಟೂ ಇಲ್ಲ, ನಟ್ಟೂ ಇಲ್ಲ. ಇರುವುದು ಬಡಗಿಗಳು ದಿನವೂ ಬಳಸುವ ಪೇಚು. ಹೆಸರಿಗೂ ವಸ್ತುವಿಗೂ ಸಂಬಂಧ ತಪ್ಪುವುದು ಕನ್ನಡದಲ್ಲಿ ಮಾತ್ರವೇ ಅಲ್ಲವೆಂದು ನನಗೆ ಸಮಾಧಾನವಾಯಿತು.

ಇನ್ನು ಲೆಕ್ಕ. ಒಡಲಿನ ದಪ್ಪ 45 ಮಿಲಿಮೀಟರು. ಕೊರಳು ಕೂರುವ ಗೂಡಿನ ಆಳ 16. ಅಲ್ಲಿಗೆ ಗೂಡಿನ ಕೆಳಗೆ ಉಳಿಯುವ ಮರ 29. ಹಿಂಬದಿಯ ಉಕ್ಕಿನ ತಗಡು 2. ಕೊರಳಿನ ಬುಡದ ದಪ್ಪ 25. ಅದರಲ್ಲಿ ಮೇಲಿನ 6 ಬೆರಳಾಡುವ ಪಟ್ಟಿ. 40ರ ಪೇಚು ಹಾಕಿದರೆ ಕೊರಳಿಗೆ ಸಿಗುವ ಹಿಡಿತ 9 ಮಾತ್ರ. 50ರದು ಹಾಕಿದರೆ 19, ಎಂದರೆ ತುದಿ ಪಟ್ಟಿಗೇ ತಾಗಿ ನಿಲ್ಲುತ್ತದೆ. ಬೇಕಾದದ್ದು 45ರದು. ಬೀದರಿನ ಅಂಗಡಿಗಳಲ್ಲಿ ನಮಗೆ ಸಿಕ್ಕಿದ್ದೆಲ್ಲ 40 ಮತ್ತು 50! ಒಬ್ಬರು ಕರಿಯ ಪೇಚುಗಳನ್ನು ತೋರಿಸಿದರು. ಅವು ಜಿಪ್ಸಮ್ ಹಲಗೆಗೆಂದು ಮಾಡಿದವು, ಗಡುಸಾದರೂ ಪೆಡಸು, ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುವಂಥವು. ಹಿತ್ತಾಳೆಯವು ನೋಡಲು ಚೆಂದ, ಆದರೆ ಮೆತು. ಕೊರಳೊಳಗೆ ಹಿತ್ತಾಳೆಯ ಮರೆ ಕೂರಿಸಿ ನಿಜವಾದ ಬೋಲ್ಟನ್ನೇ ಹಾಕುವ ಉಪಾಯವೂ ಉಂಟು. ಎಷ್ಟು ಸಲ ಬಿಚ್ಚಿದರೂ ಸವೆಯದು. ಆದರೆ ಅದಕ್ಕೆ ದೊಡ್ಡ ತೂತು ಬೇಕು, ಅಂಚಿನಲ್ಲಿ ಮರ ಸೀಳುವ ಭಯ. ಅಜ್ಜನ ಬಾಗಿಲ ಮರವನ್ನು ಸೀಳಲು ಮಗನಿಗೆ ಧೈರ್ಯ ಬರಲಿಲ್ಲ.

ನನ್ನದೂ ಒಂದು ಸಲಹೆ ಇರಲೆಂದು, ಹಿಂಬದಿಯ ತಗಡನ್ನು ಬಿದರಿ ಕೆಲಸದ್ದೇ ಮಾಡಿಸಿದರೆ ಹೇಗೆ ಎಂದೆ. ನಮ್ಮೂರ ಕೀರ್ತಿ ಬೆಂಗಳೂರಿಗೂ ಹೋಗಲಿ! ಮಗ ನಕ್ಕ. ಬಿದರಿಯ ಎರಕದಲ್ಲಿ ಸತುವೇ ಹೆಚ್ಚು, ತಾಮ್ರ ಅತ್ಯಲ್ಪ. ಅದು ಬಿರುಸು ಲೋಹ. ಪೇಚಿನ ತಲೆಗಳ ಒತ್ತಡವನ್ನು ಹರಡಿ, ಅವು ಮರದೊಳಗೆ ಹೂತುಹೋಗದಂತೆ ತಡೆಯುವ ಕೆಲಸಕ್ಕೆ ಉಕ್ಕೇ ತಕ್ಕದ್ದು. ಒಪ್ಪಿದೆ.

ಕಡೆಗೆ ಭಾಲ್ಕಿಯ ಒಂದು ಹಳೆಯ ಅಂಗಡಿಯಲ್ಲಿ, ಇಂಚಿನ ಕಾಲದ ದಾಸ್ತಾನಿನಲ್ಲಿ, ಒಂದೂ ಮುಕ್ಕಾಲು ಇಂಚಿನ 8ನೆಯ ನಂಬರಿನವು ಸಿಕ್ಕವು. ತೂತು ಕೊರೆಯಿಸಲು ಔರಾದಿಗೆ, ನಮ್ಮ ಮನೆಯ ಹಳೆಯ ಬಡಗಿಯ ಬಳಿಗೆ ಹೋದೆವು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮುದುಕ ಒಂದು ಮಾತು ಹೇಳಿದ. ಪೇಚು ಎರಡೂ ಮರಗಳನ್ನು ಕಚ್ಚಬಾರದು. ಎರಡನ್ನೂ ಕಚ್ಚಿದರೆ ನಡುವಿನ ಸಂದು ಸಂದಾಗಿಯೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಕೂಡುವುದಿಲ್ಲ. ಒಡಲಿನ ತೂತಿನಲ್ಲಿ ಅದು ಸಲೀಸಾಗಿ ಜಾರಬೇಕು; ಕೊರಳಿನ ತೂತು ಮಾತ್ರ ಕಿರಿದಾಗಿರಬೇಕು. ಆಗ ಒಂದು ಇನ್ನೊಂದನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅಂತೆಯೇ ಒಡಲಿಗೆ ಪೇಚಿನಷ್ಟೇ ಅಗಲವಾಗಿಯೂ ಕೊರಳಿಗೆ 3 ಮಿಲಿಮೀಟರಿಗೂ ಕೊರೆದು, ಪೇಚಿಗೆ ಮೇಣದ ಬತ್ತಿ ಉಜ್ಜಿ, ಕೈಯಿಂದಲೇ ತಿರುಗಿಸಿ ಕೂರಿಸಿದ.

ಎರಡು ಕಡೆಯಿಂದಲೂ ಕಚ್ಚಿ ಹಿಡಿಯುವುದೇ ಪ್ರೀತಿಯೆಂದು ತಿಳಿದ ಮನೆಗಳಲ್ಲಿ ನಮ್ಮದೂ ಒಂದು. ಬಡಗಿಯ ಮಾತು ಬರಿಯ ಮರಕ್ಕೆ ಸಂಬಂಧಿಸಿದ್ದೆಂದು ಹಾದಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡೆ, ಮನಸ್ಸು ಕೇಳಲಿಲ್ಲ. ಬಿಚ್ಚಿ ಜೋಡಿಸುವುದು ನಮ್ಮ ಸೀಮೆಗೂ ಹೊಸದಲ್ಲ. 1956ರಲ್ಲಿ ಹೈದರಾಬಾದು ರಾಜ್ಯವನ್ನು ಹಂಚಿದಾಗ ಬೀದರ, ಭಾಲ್ಕಿ, ಔರಾದುಗಳು ಮೈಸೂರಿಗೆ ಬಂದವು. ಅದೇ ಜಿಲ್ಲೆಯ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ನೆಂಟರು ಅತ್ತ, ಹೊಲ ಇತ್ತ. ಆದರೂ ಮದುವೆ, ಮಾತುಕತೆ ನಿಂತಿಲ್ಲ.

ಆರು ತಂತಿಗಳನ್ನು ಶ್ರುತಿಗೆ ಬಿಗಿದರೆ ಕೊರಳಿನ ಮೇಲೆ ಸುಮಾರು 45 ಕಿಲೋ ಎಳೆತ ಬೀಳುತ್ತದೆ. ನಾಲ್ಕು ಪೇಚುಗಳು ಮಿಸುಕಲಿಲ್ಲ. ಹೊರಡುವ ಹಿಂದಿನ ರಾತ್ರಿ ಮಗ ಅವನ್ನು ಬಿಚ್ಚಿ, ಕೊರಳನ್ನು ಬಟ್ಟೆಗಳ ನಡುವೆ ಮಲಗಿಸಿ ಪೆಟ್ಟಿಗೆ ಮುಚ್ಚಿದ. “ಮಾಡಿದ್ದನ್ನು ಯಾಕಪ್ಪ ಮುರಿದಿ?” ಎಂದು ಅವನ ತಾಯಿ ಕಣ್ಣೊರೆಸಿಕೊಂಡಳು. ಮುರಿಯಲಿಲ್ಲ, ಬಿಚ್ಚಿದ ಎಂದು ನಾನು ವ್ಯಾಕರಣ ಹೇಳಿದೆ. ಅಂಟಿಸಿದ್ದರೆ ಅದು ಆ ಪೆಟ್ಟಿಗೆಯಲ್ಲಿ ಹಿಡಿಯುತ್ತಿರಲಿಲ್ಲ.

ಮೂರನೆಯ ದಿನ ಫೋನು ಬಂತು. ಊಟ, ಕೋಣೆ, ಕಚೇರಿ ಎಲ್ಲವನ್ನೂ ಅವಳು ವಿಚಾರಿಸಿದ ಮೇಲೆ ನನ್ನ ಸರದಿ.

“ಕೊರಳು ಕೂತಿತೇನೋ?”

“ಕೂತಿತಪ್ಪ. ಹಳೆಯ ತಿರುವಿಗೇ ಹಿಡೀತು.”

“ಮುಂದಕ್ಕೆ ತಿರುಗಿಸುವ ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಿಯಾ? ಬಡಗಿ ಹೇಳಿದ್ದನಲ್ಲ, ಹಳೆಯ ದಾರಿ ತಾನೇ ಸಿಗುತ್ತದೆ ಅಂತ.”

“ಹಾಗೇ ಮಾಡಿದೆ” ಎಂದ.