ತನ್‌ಖಾ ಎಂಬ ಮಾತು

ನಮ್ಮ ಅಬ್ಬಾ ಉರ್ದು ಶಾಲೆಯ ಮೇಷ್ಟರಾಗಿದ್ದರು. ತಿಂಗಳ ಮೊದಲ ವಾರದಲ್ಲಿ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಮ್ಮಿ "ತನ್‌ಖಾ ಮಿಲಾ?" ಎಂದು ಕೇಳುತ್ತಿದ್ದರು. ಪಕ್ಕದ ಮನೆಯವರು ಅದನ್ನು ಸಂಬಳ ಎನ್ನುತ್ತಿದ್ದರು. ಹುಬ್ಬಳ್ಳಿಯಿಂದ ಬರುತ್ತಿದ್ದ ಚಿಕ್ಕಪ್ಪನ ಬಾಯಲ್ಲಿ ಅದು ಪಗಾರ. ನಮಗೆ ಮಾತ್ರ ಮೂರಕ್ಕೂ ಒಂದೇ ಅರ್ಥ: ಅಂದು ಸಂಜೆ ಮನೆಗೆ ಖಾರದ ಪೊಟ್ಟಣ ಬರುತ್ತದೆ.

ಮುಂದೆ ಅಬ್ಬಾ ಆ ಪದವನ್ನು ಬಿಡಿಸಿ ಹೇಳಿದರು. ಪಾರ್ಸಿಯಲ್ಲಿ 'ತನ್' ಎಂದರೆ ದೇಹ, 'ಖ್ವಾಹ್' ಎಂದರೆ ಬಯಸುವುದು. ದೇಹ ಕೇಳುವುದೇ ತನ್‌ಖ್ವಾಹ್. ಪಗಾರ ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಪದ. ಅವರ ಭಾಷೆಯಲ್ಲಿ 'ಪಗಾರ್' ಎಂದರೆ ಪಾವತಿ ಮಾಡುವುದು. ಸಂಸ್ಕೃತದಲ್ಲಿ 'ಶಂಬಲ' ಎಂದರೆ ದಾರಿಯ ಬುತ್ತಿ. ಸಂಬಳವನ್ನು ಅದಕ್ಕೆ ಜೋಡಿಸುವವರಿದ್ದಾರೆ. ದೇಹದ ಬೇಡಿಕೆ, ದಾರಿಯ ಬುತ್ತಿ... ಹಳಬರು ಹೊಟ್ಟೆಯನ್ನು ಮರೆಯದೆ ಪದ ಕಟ್ಟಿದ್ದರು.

ಮೊಗಲರ ಕಾಲದಲ್ಲಿ ತನ್‌ಖ್ವಾಹ್ ಯಾವಾಗಲೂ ನಗದಾಗಿರಲಿಲ್ಲ. ಹೆಚ್ಚಿನ ಮನ್ಸಬ್‌ದಾರರಿಗೆ ಸಂಬಳದ ಬದಲು ಒಂದು ಪ್ರದೇಶದ ಕಂದಾಯ ವಸೂಲಿಯ ಹಕ್ಕನ್ನು ಕೊಡುತ್ತಿದ್ದರು. ಅದೇ ತನ್‌ಖ್ವಾಹ್ ಜಾಗೀರು. ನೆಲ ಅವರದಲ್ಲ, ಕೆಲವು ವರ್ಷಗಳಲ್ಲಿ ಅದು ಬೇರೆಯವರ ಕೈಗೆ ಹೋಗುತ್ತಿತ್ತು. ಕಾಗದದ ಅಂದಾಜಿಗೆ 'ಜಮಾ' ಎಂದೂ ಕೈಗೆ ಬಂದದ್ದಕ್ಕೆ 'ಹಾಸಿಲ್' ಎಂದೂ ಹೆಸರು. ಎರಡರ ನಡುವಿನ ಅಂತರ ಎಷ್ಟು ಬೆಳೆಯಿತೆಂದರೆ, ಶಹಜಹಾನನ ಕಾಲಕ್ಕೆ ಜಾಗೀರುಗಳನ್ನು ಎಂಟು ತಿಂಗಳದ್ದು, ಆರು ತಿಂಗಳದ್ದು ಎಂದು ಲೆಕ್ಕ ಹಾಕಬೇಕಾಯಿತು. ವರ್ಷದ ದುಡಿಮೆ, ಆರು ತಿಂಗಳ ಆದಾಯ!

ಇದೆಲ್ಲ ಹಳೆಯ ಕತೆ ಎಂದುಕೊಂಡಿದ್ದೆವು. ಆದರೆ ನಮ್ಮ ತಂಗಿ ಅಂಗನವಾಡಿ ಕಾರ್ಯಕರ್ತೆ. ಮಗಳ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ವೇತನ ಪ್ರಮಾಣಪತ್ರ ಕೇಳಿದರು. ಅದಕ್ಕಾಗಿ ಕಚೇರಿಗೆ ಹೋದರೆ ಗುಮಾಸ್ತರು ನಕ್ಕು, "ನಿಮ್ಮದು ವೇತನವಲ್ಲಮ್ಮ, ಗೌರವಧನ" ಎಂದರಂತೆ. ಆಕೆ ಮನೆಗೆ ಬಂದು ಕೇಳಿದಳು, "ಭಾಯ್, ಗೌರವ ಅಂದ್ರೆ ಕಡಿಮೆ ದುಡ್ಡು ಅಂತಾನಾ?" ನಾವು ಎರಡು ಭಾಷೆಗಳಲ್ಲಿ ಕತೆ ಓದಿದವರು. ಉತ್ತರ ಮಾತ್ರ ಯಾವ ಭಾಷೆಯಲ್ಲೂ ಹೊಳೆಯಲಿಲ್ಲ.

ಇದು ಬರೀ ಪದದ ಜಗಳವಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದಿತ್ತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟ್, 1972ರ ಗ್ರಾಚ್ಯುಟಿ ಕಾಯ್ದೆ ಅವರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆ, ಅವರು ಪಡೆಯುವ ಗೌರವಧನವೂ ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದಿತು. ಒಂದು ಪದದ ಅರ್ಥ ಹಿಗ್ಗಿದಾಗ ಮುಪ್ಪಿಗೆ ನಾಲ್ಕು ಕಾಸು ಸಿಗುತ್ತದೆ. ಕುಗ್ಗಿದಾಗ ಅದೂ ಇಲ್ಲ.

ಗೌರವ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅಂಗಡಿಯವನು ಅಕ್ಕಿಯನ್ನು ಗೌರವಕ್ಕೆ ಅಳೆದು ಕೊಡುವುದಿಲ್ಲ. ತಿಂಗಳ ಮೊದಲ ವಾರ ಅಮ್ಮಿ ಈಗಲೂ ತಂಗಿಯನ್ನು "ತನ್‌ಖಾ ಮಿಲಾ?" ಎಂದೇ ಕೇಳುತ್ತಾರೆ. ಸರಕಾರ ಏನೇ ಹೆಸರಿಡಲಿ, ನಮ್ಮ ಮನೆಯಲ್ಲಿ ಆಕೆಯ ದುಡಿಮೆಗೆ ಅದೇ ಹೆಸರು.